ಎದುರು ಮನೆ ಮಾವ ವಿಚಾರಿಸಿಟ್ಟ ದಾರಿ

ಮೊನ್ನೆ ತಲೆಗೆ ಬಣ್ಣ ಹಾಕಿಸಿಕೊಳ್ಳಲು ಪಾರ್ಲರಿಗೆ ಹೋಗಿದ್ದೆ. ಹುಡುಗಿ ಬಟ್ಟಲಲ್ಲಿ ಬಣ್ಣ ಕಲಸುತ್ತಿದ್ದಂತೆ ಅಮೋನಿಯಾದ ಘಾಟು ಮೂಗಿಗೆ ಬಡಿಯಿತು. ಪಕ್ಕದವರು ಮುಖ ಸಿಂಡರಿಸಿದರು. ನಾನು ಕಣ್ಣು ಮುಚ್ಚಿ ಕೂತೆ... ಅದು ನಮ್ಮ ಎದುರು ಮನೆ ಮಾವನ ಅಂಗಿಯ ವಾಸನೆ.

ಎಂಬತ್ತರ ದಶಕದ ನೆಗಮಂ, ತಮಿಳು ಸೀಮೆಯಲ್ಲಿ ಪೊಳ್ಳಾಚಿ ಪಕ್ಕದ ಊರು. ನಮ್ಮದು ಸೀರೆ ನೇಯುವ ಮನೆ. ಮಾವ ಪೆರಿಯನಾಯಕನಪಾಳ್ಯಂನ ಒಂದು ವರ್ಕ್‌ಶಾಪಿನಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದರು. ಆ ನಕ್ಷೆಗಳಿಗೆ ಅಮೋನಿಯಾ ಹಾಯಿಸಿ ಪ್ರಿಂಟು ತೆಗೆಯುವುದೂ ಅವರ ಕೆಲಸವೇ. ವಾರಕ್ಕೊಮ್ಮೆ ಊರಿಗೆ ಬಂದಾಗ ಆ ಘಾಟೂ ಅವರ ಜೊತೆಗೇ ಬಸ್ಸಿಳಿಯುತ್ತಿತ್ತು. ಅವರು ತಂದುಕೊಡುತ್ತಿದ್ದ ಹಾಳು ಪ್ರಿಂಟುಗಳ ಹಿಂಬದಿಯಲ್ಲಿ ಮನೆ ಬರೆದು ಬರೆದೇ ನನಗೆ ಆರ್ಕಿಟೆಕ್ಟ್ ಆಗುವ ಹುಚ್ಚು ಹಿಡಿದದ್ದು.

ಪ್ಲಸ್ ಟು ಮುಗಿಯಿತು. ಆರ್ಕಿಟೆಕ್ಚರ್ ಓದಲು ಮದ್ರಾಸಿನ ಹಾಸ್ಟೆಲ್ಲಿನಲ್ಲಿ ವರ್ಷಗಟ್ಟಲೆ ಇರಬೇಕೆಂದಾಗ ಅಪ್ಪ ಒಂದೇ ಮಾತಿನಲ್ಲಿ ಬೇಡ ಎಂದರು. ಬೇಕಾದರೆ ಪೊಳ್ಳಾಚಿಗೆ ದಿನಾ ಹೋಗಿ ಬಂದು ಬಿ.ಕಾಂ. ಓದಲಿ ಎಂದರು. ನಾನು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದೆ. ಅಮ್ಮ ಹೋಗಿ ಮಾವನಿಗೆ ಹೇಳಿದಳು.

ಮಾವ ಸಮಾಧಾನದ ಮಾತೇನೂ ಆಡಲಿಲ್ಲ. ನಿಮ್ಮ ಮನೆಯ ಪ್ಲಾನ್ ಬರೆದುಕೊಡು ಎಂದರು, ಅಷ್ಟೇ. ಸಿಟ್ಟಿನಲ್ಲೇ ಬರೆದೆ. ಮಗ್ಗ, ಕಾಲು ಇಳಿಬಿಡುವ ಮಗ್ಗದ ಗುಂಡಿ, ನೂಲಿಡುವ ಮೂಲೆ, ದೇವರ ಗೂಡು, ಒಲೆ... ಏನೂ ಬಿಟ್ಟಿಲ್ಲ ಎಂಬ ಜಂಬದಿಂದ ಕೊಟ್ಟೆ. ಅವರು ತುಂಬ ಹೊತ್ತು ನೋಡಿದರು. ಅಪ್ಪನೂ ಇಣುಕಿ, ಎಲ್ಲ ಸರಿಯಾಗಿದೆಯಲ್ಲ ಎಂದರು.

"ನೀವೆಲ್ಲ ಎಲ್ಲಿ ಮಲಗ್ತೀರ ಕಣ್ಣು?" ಎಂದರು ಮಾವ. ಮುದ್ದಿಗೆ ಅವರು ನನ್ನನ್ನು ಕಣ್ಣು ಎಂದೇ ಕರೆಯುತ್ತಿದ್ದರು.

ಮನೆ ತುಂಬ ಜನ. ಮಲಗುವ ಜಾಗವನ್ನೇ ಬರೆದಿರಲಿಲ್ಲ! ನಾವು ಮಲಗುತ್ತಿದ್ದುದು ಮಗ್ಗ ಬಿಟ್ಟು ಉಳಿದ ನೆಲದಲ್ಲಿ. ನೇಯುವವರಿಗೆ ಮನೆ ಎಂದರೆ ಮೊದಲು ಮಗ್ಗ, ಆಮೇಲೆ ಮನುಷ್ಯರು. ಮಾವ ನಕ್ಕ ನಗುವಿಗೆ ಅಪ್ಪನೂ ನಗಬೇಕಾಯಿತು.

ಆ ನಗುವಿನ ನಡುವೆಯೇ ಮಾವ ವಿಷಯ ಎತ್ತಿದರು. ಹೊರದೇಶದ ಕೆಲವು ಕಾಲೇಜುಗಳಲ್ಲಿ ಬೇರೆ ಡಿಗ್ರಿ ಮುಗಿಸಿದವರೂ ಆರ್ಕಿಟೆಕ್ಚರ್ ಓದಬಹುದಂತೆ. ಗಣಿತ, ಫಿಸಿಕ್ಸ್ ಗೊತ್ತಿರಬೇಕು, ತಾನೇ ಬರೆದ ಚಿತ್ರಗಳಿರಬೇಕು. ಬಿ.ಕಾಂ. ಸೇರಿದರೆ ಆ ದಾರಿ ಕಷ್ಟ. ಫಿಸಿಕ್ಸ್ ಆದರೆ ಪೊಳ್ಳಾಚಿಯಲ್ಲೇ ಇದೆ, ಸಂಜೆಗೆ ಮಗಳು ಮನೆಯಲ್ಲಿರುತ್ತಾಳೆ. ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಅಪ್ಪ ಕೇಳಿದರು.

"ನನಗೋಸ್ಕರ ವಿಚಾರಿಸ್ದೆ ಭಾವ. ಡಿಗ್ರಿ ಇಲ್ದೆ ಮುಡಿಯಾದು, ಆಗಲ್ಲ ಅಂದ್ಬಿಟ್ರು. ಇವಳಿಗಾದ್ರೂ ಆಗಲಿ."

ಮರುದಿನ ಬೆಳಿಗ್ಗೆ ಅಪ್ಪ ಮಗ್ಗ ನಿಲ್ಲಿಸಿ, ನನ್ನನ್ನು ಕರೆದುಕೊಂಡು ಪೊಳ್ಳಾಚಿ ಬಸ್ಸು ಹತ್ತಿದರು.

ಫಿಸಿಕ್ಸ್ ಓದಿದ ಅಷ್ಟೂ ವರ್ಷ ಮಾವ ಭಾನುವಾರ ನನ್ನನ್ನು ಬಿಡುತ್ತಿರಲಿಲ್ಲ. ಬಸ್ ಸ್ಟ್ಯಾಂಡ್, ಬಾವಿಕಟ್ಟೆ, ನೂಲಂಗಡಿ ಎಲ್ಲವನ್ನೂ ಬರೆಸಿದರು. ಆ ಚಿತ್ರಗಳನ್ನೇ ಕಳಿಸಿ ಸ್ಕಾಲರ್‌ಶಿಪ್ಪಿನ ಮೇಲೆ ಹೊರದೇಶಕ್ಕೆ ಹೋದೆ. ನಾನು ಅಲ್ಲಿದ್ದಾಗಲೇ ಮಾವ ತೀರಿಕೊಂಡರು. ನಾನು ಕಟ್ಟಿದ ಒಂದು ಗೋಡೆಯನ್ನೂ ಅವರು ನೋಡಲಿಲ್ಲ. ಅದು ಇವತ್ತಿಗೂ ನೋಯುತ್ತದೆ. ಆದರೂ ಅವರನ್ನು ನೆನೆದಾಗ ದುಃಖಕ್ಕಿಂತ ಮೊದಲು ಬರುವುದು ಕೃತಜ್ಞತೆಯೇ. ತಮಗೆ ಮುಚ್ಚಿದ ಬಾಗಿಲಿನ ವಿಳಾಸವನ್ನು ಜೋಪಾನ ಮಾಡಿ ನನಗೆ ಕೊಟ್ಟವರು ಅವರು.

ಈಗ ಯಾರು ಮನೆ ಕಟ್ಟಿಸಿಕೊಡಿ ಎಂದು ಬಂದರೂ ನಾನು ಮೊದಲು ಕೇಳುವುದು, ನೀವೆಲ್ಲ ಎಲ್ಲಿ ಮಲಗುತ್ತೀರಿ ಎಂದೇ.

ವಾಸನೆ ಜಾಸ್ತಿಯಾಯಿತಾ ಮೇಡಂ, ಬೇಗ ತೊಳೆದುಬಿಡಲಾ ಎಂದಳು ಪಾರ್ಲರಿನ ಹುಡುಗಿ. ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದೆ.