ಮೆಮೊ ಟೈಪ್ ಮಾಡಿದ ಕೈ

ನಮ್ಮ ಮ್ಯಾನೇಜರಿಗೆ ಮೆಮೊ ಕೊಡುವುದೆಂದರೆ ಊಟ ಮಾಡಿದ ಹಾಗೆ, ದಿನಕ್ಕೆ ಎರಡು ಹೊತ್ತು ಆಗಲೇಬೇಕು. ಕೊಡೆಯ ನೀರು ವರಾಂಡದಲ್ಲಿ ಸೋರಿದ್ದಕ್ಕೆ ಒಂದು ಮೆಮೊ, ನಕ್ಕಿದ್ದಕ್ಕೆ ಒಂದು, ನಗದೆ ಮುಖ ಗಂಟಿಕ್ಕಿಕೊಂಡು ಕೂತಿದ್ದಕ್ಕೆ ಇನ್ನೊಂದು. ಅಷ್ಟನ್ನೂ ಟೈಪ್ ಮಾಡುತ್ತಿದ್ದವಳು ನಾನು. ಅರವತ್ತರ ದಶಕದ ಮೊದಲ ವರ್ಷಗಳ ಮಾತು. ವಿಲ್ಸನ್ ಗಾರ್ಡನ್ನಿನಲ್ಲಿ ಹಳೆಯ ಮನೆಯೊಂದನ್ನು ಆಫೀಸು ಮಾಡಿಕೊಂಡು ರೈತರಿಗೆ ನೀರಿನ ಪಂಪು ಮಾರುತ್ತಿದ್ದ ಕಂಪನಿ ಅದು. ನನಗಾಗ ಇಪ್ಪತ್ತೆರಡು ವರ್ಷ. ಅಪ್ಪ ರಿಟೈರಾಗಿದ್ದರು. ಜಯನಗರದಲ್ಲಿ ಅರ್ಧ ಕಟ್ಟಿದ ಮನೆಗೇ ನಾವು ಬಂದು ಸೇರಿಕೊಂಡಿದ್ದೆವು. ಗಾರೆ ಕಾಣದ ಗೋಡೆಗಳು, ಇಬ್ಬರು ತಮ್ಮಂದಿರ ಓದು, ಎಲ್ಲವೂ ನನ್ನ ಕೆಲಸವನ್ನೇ ನಂಬಿಕೊಂಡಿದ್ದವು.

ಮ್ಯಾನೇಜರು ಹೇಳಿದ್ದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು ಆಮೇಲೆ ಟೈಪ್ ಮಾಡುವುದು ನನ್ನ ಕೆಲಸ. ಯಾರ ತಲೆಯ ಮೇಲೆ ಮೆಮೊ ಬೀಳಲಿದೆ ಎಂಬುದು ಅವರಿಗಿಂತ ಮೊದಲು ನನಗೆ ಗೊತ್ತಿರುತ್ತಿತ್ತು. ಹಾಗಾಗಿ ಊಟದ ಹೊತ್ತಿನಲ್ಲಿ ನಾನು ಡಬ್ಬಿ ಹಿಡಿದು ಬಂದರೆ ಎಲ್ಲರ ಮಾತು ನಿಲ್ಲುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೈದವರನ್ನು ಬಿಟ್ಟು ಬರೆದವಳನ್ನು ದೂರ ಇಡುವುದು ಯಾವ ನ್ಯಾಯ?

ಹಾಗೆ ದೂರ ಇಡದೆ ನನ್ನೊಂದಿಗೆ ಕೂತು ಊಟ ಮಾಡುತ್ತಿದ್ದವರು ಡೆಸ್ಪ್ಯಾಚ್ ಗುಮಾಸ್ತರೊಬ್ಬರೇ. ಲಕೋಟೆಗಳಿಗೆ ವಿಳಾಸ ಬರೆದು ಟಪಾಲಿಗೆ ಕಳಿಸುವ ಕೆಲಸ ಅವರದು. ರಿಟೈರಾಗಲು ಇನ್ನೆರಡು ವರ್ಷವಿತ್ತು. ಅವರ ಕುರ್ಚಿಯ ಮೇಲೆ ಮ್ಯಾನೇಜರಿಗೆ ಕಣ್ಣಿತ್ತು, ತಮ್ಮ ಭಾವಮೈದುನನನ್ನು ಕೂರಿಸಲು. ಇದು ಆಫೀಸಿಗೆಲ್ಲ ಗೊತ್ತಿದ್ದ ವಿಷಯ.

ಒಂದು ಸಂಜೆ ಮ್ಯಾನೇಜರು ತುಮಕೂರಿನ ಏಜೆಂಟರಿಗೆ ಪತ್ರ ಹೇಳುತ್ತಿದ್ದಾಗ ಗುಮಾಸ್ತರು ಬಾಗಿಲಲ್ಲಿ ಬಂದು ನಿಂತರು. ಮರುದಿನ ಹೆಂಡತಿಯನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಬರುವುದು ಮಧ್ಯಾಹ್ನವಾಗುತ್ತದೆ ಎಂದು ಕೇಳಿಕೊಂಡರು. ಮ್ಯಾನೇಜರು ಆಗಲಿ ಎಂದರು. ಗುಮಾಸ್ತರು ಕೈಮುಗಿದು ಹೋದರು.

ಅವರು ಆಸ್ಪತ್ರೆಗೆ ಹೋಗಿಬಂದ ಮರುದಿನ ಮ್ಯಾನೇಜರು ನನ್ನನ್ನು ಕರೆದು ಗುಮಾಸ್ತರಿಗೆ ಮೆಮೊ ಹೇಳಿದರು: ಅನುಮತಿಯಿಲ್ಲದೆ ಗೈರುಹಾಜರಿ, ಯಾಕೆ ಕೆಲಸದಿಂದ ತೆಗೆಯಬಾರದು, ಶನಿವಾರದೊಳಗೆ ಉತ್ತರಿಸಿ. ಮರೆತಿದ್ದಾರೇನೋ ಅಂದುಕೊಂಡೆ. ಅವರು ನಿಮ್ಮನ್ನು ಕೇಳಿಯೇ ಹೋದರಲ್ಲ ಸಾರ್ ಎಂದೆ.

"ನಿಮ್ಮನ್ನ ಇಟ್ಕೊಂಡಿರೋದು ಬೆರಳಿಗೆ. ಬಾಯಿಗಲ್ಲ" ಅಂದರು.

ನಾನು ಟೈಪ್ ಮಾಡಿದೆ. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ, ಆದರೆ ಮಾಡಿದೆ. ಕಾಗದದ ಎಡ ಮೂಲೆಯಲ್ಲಿ ಟೈಪ್ ಮಾಡಿದವರ ಹೆಸರಿನ ಮೊದಲ ಅಕ್ಷರಗಳನ್ನು ಹಾಕುವುದು ಆಗ ಪದ್ಧತಿ. ಅದನ್ನೂ ಹಾಕಿದೆ. ಗುಮಾಸ್ತರು ಆ ಕಾಗದ ಹಿಡಿದು ನನ್ನ ಮೇಜಿನ ಹತ್ತಿರ ಬಂದರು. ಗದರಲಿಲ್ಲ, ಅಳಲಿಲ್ಲ. ಆ ಮೂಲೆಯ ಮೇಲೆ ಬೆರಳಿಟ್ಟರು.

"ನೀವೂ ಅಲ್ಲೇ ಕೂತಿದ್ರಲ್ಲಮ್ಮ" ಅಂದರು.

ಅವರು ಹೋದ ಮೇಲೆ ಕೈಗೆ ಕೆಲಸ ಹತ್ತಲಿಲ್ಲ. ಸುಮ್ಮನೆ ನೋಟ್‌ಬುಕ್ಕಿನ ಹಾಳೆ ತಿರುವುತ್ತಿದ್ದವಳಿಗೆ ತುಮಕೂರಿನ ಪತ್ರ ಸಿಕ್ಕಿತು. ಅದರ ನಡುವೆ ಎರಡು ಸಾಲು ಪತ್ರಕ್ಕೆ ಸಂಬಂಧವೇ ಇಲ್ಲದ್ದು. ಶಾರ್ಟ್‌ಹ್ಯಾಂಡಿನಲ್ಲಿ ಬರೆಯುವುದು ಸದ್ದನ್ನು. ಹೇಳುವವರ ದನಿ ಕಿವಿಗೆ ಬಿದ್ದರೆ ಅದು ಇಂಗ್ಲಿಷೋ ಕನ್ನಡವೋ ಪಳಗಿದ ಕೈ ಕೇಳುವುದಿಲ್ಲ, ಬರೆದುಬಿಡುತ್ತದೆ. ಮ್ಯಾನೇಜರು ಗುಮಾಸ್ತರಿಗೆ ಹೇಳಿದ್ದನ್ನೂ ನನ್ನ ಪೆನ್ಸಿಲು ಬರೆದುಕೊಂಡಿತ್ತು. ಹಾಳೆಯ ತಲೆಯಲ್ಲಿ ತಾರೀಖು.

ಇದನ್ನು ಕಂಪನಿಯ ಮಾಲೀಕರ ಮುಂದೆ ಓದಿಬಿಡುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದರು ಅಮ್ಮ. ಬೇರೆಯವರ ಉಸಾಬರಿ ನಮಗೇಕೆ, ಗುಮಾಸ್ತರಿಗೆ ಅವರ ದೇವರಿದ್ದಾನೆ ಎಂದೂ ಸೇರಿಸಿದರು. ಅವರ ಭಯ ಸುಳ್ಳಾಗಿರಲಿಲ್ಲ. ಆದರೂ ಆ ರಾತ್ರಿ ಅವರ ಮೇಲೂ ನನಗೆ ಸಿಟ್ಟಿತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮ ಆಫೀಸಿನಲ್ಲಿ ಪೂಜಾರಿ ವಾರವೆಲ್ಲ ಇರುತ್ತಿದ್ದರು, ದೇವರು ಬರುತ್ತಿದ್ದುದು ಶನಿವಾರ ಮಾತ್ರ. ಆ ಶನಿವಾರ ಮಾಲೀಕರು ಬಂದು ಗುಮಾಸ್ತರನ್ನು ಕರೆಸಿದರು. ನಾನು ಕರೆಯದೆಯೇ ನೋಟ್‌ಬುಕ್ ಹಿಡಿದು ಒಳಗೆ ಹೋದೆ. ಅನುಮತಿ ಕೊಟ್ಟೇ ಇಲ್ಲ ಎಂದು ಮ್ಯಾನೇಜರು ಕಣ್ಣು ಮಿಟುಕಿಸದೆ ಹೇಳಿದರು. ಆ ದಿನ ಬರೆದುಕೊಂಡದ್ದನ್ನು ಓದುತ್ತೇನೆ ಎಂದು ನಾನು ಮಾಲೀಕರಿಗೆ ಹೇಳಿ, ಅಪ್ಪಣೆಗೆ ಕಾಯದೆ ಓದಿದೆ. ಕಳಿಸಿದ ಆರು ಪಂಪುಗಳು ತಲುಪಿರಬೇಕು. "ಹೋಗ್ಬನ್ನಿ, ಮಧ್ಯಾಹ್ನ ಬಂದ್ರೆ ಸಾಕು. ನೀವು ಬಂದ್ರೂ ಒಂದೇ, ಬರದಿದ್ರೂ ಒಂದೇ." ರಸೀದಿಯನ್ನು ಆದಷ್ಟು ಬೇಗ ಕಳಿಸತಕ್ಕದ್ದು. ಎಲ್ಲವನ್ನೂ ಒಂದೇ ದನಿಯಲ್ಲಿ ಓದಿದೆ.

ಮಾಲೀಕರು ಮೆಮೊ ಹರಿದು ಬುಟ್ಟಿಗೆ ಹಾಕಿದರು. ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ಅವರು ನ್ಯಾಯ ಹೇಳಿದರು. ಮ್ಯಾನೇಜರಿಗೆ ಮರೆತಿರಬಹುದಂತೆ. ಆದರೆ ಮೇಲಿನವರ ಮರ್ಯಾದೆ ಹೋದರೆ ಆಫೀಸು ನಡೆಯುವುದಿಲ್ಲವಂತೆ. ಆದ್ದರಿಂದ ಗುಮಾಸ್ತರೂ ನಾನೂ ಒಬ್ಬೊಬ್ಬರಾಗಿ ಹೋಗಿ ಮ್ಯಾನೇಜರ ಹತ್ತಿರ ಕ್ಷಮೆ ಕೇಳಿಬಿಟ್ಟರೆ ವಿಷಯ ಅಲ್ಲಿಗೆ ಮುಗಿಯಿತಂತೆ. ಕಾರು ಹತ್ತಿ ಹೊರಟೂ ಹೋದರು.

ಸುಳ್ಳು ಹೇಳಿದವರ ಹತ್ತಿರ, ಸುಳ್ಳು ಸಿಕ್ಕಿಬಿದ್ದ ಮೇಲೆ, ನಿಜ ಹೇಳಿದವರು ಕ್ಷಮೆ ಕೇಳಬೇಕು! ವರಾಂಡದ ಕಂಬಕ್ಕೆ ಒರಗಿ ನಿಂತೆ. ಆದರೂ, ನಿಜ ಹೇಳಬೇಕೆಂದರೆ, ಲೆಕ್ಕ ಹಾಕುತ್ತಲೇ ನಿಂತಿದ್ದೆ. ಎರಡು ಮಾತು ತಾನೆ, ಉಗುಳು ನುಂಗಿ ಹೇಳಿಬಿಟ್ಟರೆ ತಮ್ಮಂದಿರ ಓದು ಉಳಿಯುತ್ತದೆ. ಬಡವನ ಕೋಪ ದವಡೆಗೆ ಮೂಲ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಅಷ್ಟರಲ್ಲಿ ಗುಮಾಸ್ತರು ಮ್ಯಾನೇಜರ ಕೋಣೆಯಿಂದ ಹೊರಗೆ ಬಂದರು. ಮುಖದಲ್ಲಿ ಎಂಥ ನೆಮ್ಮದಿ! ಮೂವತ್ತು ವರ್ಷ ಚಿಕ್ಕವಳಾದ ನನಗೇ ಕೈಮುಗಿದರು.

"ನಾನು ಕೇಳ್ಕೊಂಡು ಬಂದೆ ತಾಯಿ. ನೀವೂ ಕೇಳ್ಬಿಡಿ, ಏನೂ ಹೋಗಲ್ಲ" ಅಂದರು.

ಅವರನ್ನು ದೂರುವ ಹಕ್ಕು ನನಗಿಲ್ಲ. ಎರಡು ವರ್ಷ ಕಳೆಯಬೇಕಿತ್ತು, ಮನೆಯಲ್ಲಿ ಕಣ್ಣು ಕಾಣದ ಹೆಂಡತಿ. ಆದರೆ ಕೊಟ್ಟ ರಜವನ್ನು ತೆಗೆದುಕೊಂಡದ್ದಕ್ಕೆ ಕ್ಷಮೆ ಕೇಳಿ, ಏನೂ ಹೋಗಲಿಲ್ಲ ಎಂದು ನಂಬುವಷ್ಟು ಆ ಮನುಷ್ಯನನ್ನು ಬಗ್ಗಿಸಿದ್ದರಲ್ಲ! ಇಲ್ಲೇ ಇದ್ದರೆ ಹತ್ತು ವರ್ಷಕ್ಕೆ ನಾನೂ ಇದೇ ಮುಖ ಹೊತ್ತು, ಇದೇ ಮಾತನ್ನು ಇನ್ನೊಬ್ಬ ಹುಡುಗಿಗೆ ಹೇಳುತ್ತೇನೆ ಅನ್ನಿಸಿತು. ನನ್ನ ಲೆಕ್ಕವೆಲ್ಲ ಅಲ್ಲಿಗೆ ನಿಂತಿತು.

ಒಳಗೆ ಹೋದೆ. ಕೆಲಸ ಬಿಡುತ್ತೇನೆ ಎಂದು ಹೇಳಲು ಬಾಯಿ ತೆರೆಯುವ ಮೊದಲೇ ಮ್ಯಾನೇಜರು ಕುರ್ಚಿ ತೋರಿಸಿದರು. ನನ್ನದು ಬಾಯಿಮಾತಿನ ಕ್ಷಮೆಯಾದರೆ ಸಾಲದಂತೆ, ಬರವಣಿಗೆಯಲ್ಲಿ ಬೇಕಂತೆ. "ಬರ್ಕೊಳಿ" ಎಂದು ಕಿಟಕಿಯ ಕಡೆ ತಿರುಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನನ್ನ ಕ್ಷಮಾಪಣೆಯನ್ನು ತಾವೇ ಹೇಳತೊಡಗಿದರು. ನಾನು ಅವಿಧೇಯಳು, ನಾನು ಕೃತಘ್ನಳು, ನನಗೆ ಪಶ್ಚಾತ್ತಾಪವಾಗಿದೆ.

ಮೂರನೆಯ ವಾಕ್ಯಕ್ಕೆ ನಾನು ಪೆನ್ಸಿಲನ್ನು ಅವರ ಮೇಜಿನ ಮೇಲಿಟ್ಟು ಎದ್ದೆ. ಊಟದ ಡಬ್ಬಿ ತೆಗೆದುಕೊಂಡು ವರಾಂಡ ಇಳಿದು ಗೇಟು ದಾಟುವಾಗಲೂ ಕಿಟಕಿಯಿಂದ ಅವರ ದನಿ ಕೇಳಿಸುತ್ತಿತ್ತು. ಇನ್ನೂ ಹೇಳುತ್ತಲೇ ಇದ್ದರು.