ನಿಂಗಪ್ಪನ ತೆಪ್ಪದ ಸರ್ಟಿಫಿಕೇಟು

ಹರಿಹರದ ಹೊಳೆದಂಡೆಯಲ್ಲಿ ಬುಟ್ಟಿಯಂಥ ದುಂಡು ತೆಪ್ಪ ಕಟ್ಟುವವರು ಅಂದರೆ ನಿಂಗಪ್ಪ ಮತ್ತು ಅವನ ಹೆಂಡತಿ ಸುಂಕಲಮ್ಮ. ಅವನು ಬಿದಿರು ಸೀಳಿ ಹೆಣೆಯುತ್ತಿದ್ದ. ಅವಳು ತಾಡಪಾಲು ಹೊಲಿದು ಡಾಂಬರು ಬಳಿಯುತ್ತಿದ್ದಳು. ಕೊಕ್ಕನೂರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ಆ ವಾಸನೆಗೆ ಅವಳಿಗೆ ವಾಂತಿ ಬರುತ್ತಿತ್ತು. ಆಮೇಲೆ ಆ ವಾಸನೆಯಿಲ್ಲದ ಗಂಡನನ್ನು ಅವಳು ಕಂಡದ್ದು ಆಸ್ಪತ್ರೆಯ ಮಂಚದ ಮೇಲೆ ಮಾತ್ರ.

ಈ ವರ್ಷ ಹೊಳೆಯಲ್ಲಿ ನಡೆಯುವ ತೆಪ್ಪದ ಪಂದ್ಯಕ್ಕೆಂದು ನಿಂಗಪ್ಪ ಹೊಸ ತೆಪ್ಪ ಕಟ್ಟಿದ್ದ. ಬಾಯಿಯ ಅಗಲ ಐದು ಅಡಿಗಿಂತ ಕಡಿಮೆ ಇರಬಾರದು ಅನ್ನುವುದು ಪಂದ್ಯದ ಕಟ್ಟಳೆ. ಸಣ್ಣ ತೆಪ್ಪ ಹಗುರ, ಬೇಗ ಓಡುತ್ತದೆ. ಪಂದ್ಯದ ಸಮಿತಿಯವರು ಬಂದು ಟೇಪು ಹಿಡಿದು ಅಳೆದರು, ಸೀಲು ಹಾಕಿ ಸರ್ಟಿಫಿಕೇಟು ಕೊಟ್ಟರು. ಅದೇ ತಿಂಗಳು ಎದೆನೋವು ಬಂದು ನಿಂಗಪ್ಪ ಸತ್ತ.

ತಿಥಿಯ ಊಟಕ್ಕೆ ಮಾರುತಿ ಬಂದ. ನಿಂಗಪ್ಪನ ಹತ್ತಿರವೇ ಕೆಲಸ ಕಲಿತವನು. ಪಾಯಸ ಹೀರುತ್ತಲೇ ಕೇಳಿದ.

"ಅತ್ತಿಗೆ, ಅಣ್ಣನ ಸರ್ಟಿಫಿಕೇಟು ಮನ್ಯಾಗ ಸುಮ್ನೆ ಬಿದ್ದೈತಲ್ಲ, ನಂಗೆ ಕೊಡ್ರಿ."

"ಯಾಕ, ನಿನ್ನ ತೆಪ್ಪ ಅಳೆಸಿಲ್ಲೇನು?"

"ಅಳೆಸಿದ್ರೆ ಪಾಸಾಗಲ್ಲ. ಒಂದು ಗೇಣು ಸಣ್ಣದೈತೆ."

"ಅದು ಆ ತೆಪ್ಪದ್ದು ಕಣೋ. ಸತ್ತೋರ ಅಂಗಿ ಅಲ್ಲ, ಸಿಕ್ಕೋರು ಹಾಕ್ಕೊಳ್ಳಾಕ. ಉಂಡು ಏಳು."

ಅವನುಂಡ ಎಲೆ ಎತ್ತುವಾಗ ಅವಳಿಗೆ ಹೇಸಿಗೆಯಾಯಿತು.

ಪಂದ್ಯದ ದಿನ ಅವಳೂ ಹೊಳೆಗೆ ಹೋದಳು. ಮೈಕಿನಲ್ಲಿ ಕೂಗಿದರು: "ದಿವಂಗತ ನಿಂಗಪ್ಪನವರ ತೆಪ್ಪ, ನಡೆಸುವವರು ಮಾರುತಿ!" ನಿಂಗಪ್ಪನ ತೆಪ್ಪ ಮನೆಯ ಹಿತ್ತಿಲಲ್ಲಿ ಬೋರಲು ಬಿದ್ದಿತ್ತು. ಅವಳು ನೇರ ಸಮಿತಿಯ ಮೇಜಿಗೆ ಹೋದಳು. ಅಲ್ಲಿ ಕೂತಿದ್ದವನು ಕಾರ್ಯದರ್ಶಿ ಅಂಜನ್ ಕುಮಾರ್, ದಾವಣಗೆರೆ ಸರಸ್ವತಿ ನಗರದವನು.

"ಸಾಹೇಬ್ರೆ, ಅದು ನಮ್ಮೋರ ತೆಪ್ಪ ಅಲ್ಲ. ಟೇಪು ಹಿಡೀರಿ."

"ಸರ್ಟಿಫಿಕೇಟ್ ಐತಲ್ಲಮ್ಮ, ಅವ್ರ ಹೆಸರಲ್ಲೇ. ಕಳದೈತೆ ಅಂದ ಮಾರುತಿ, ಡೂಪ್ಲಿಕೇಟ್ ಕೊಟ್ವಿ. ಒಂದ್ಸಲ ಅಳೆದ ಮ್ಯಾಲೆ ಮತ್ತೆ ಅಳೆಯಲ್ಲ."

"ಕಳದಿಲ್ಲ, ನಮ್ಮ ಮನ್ಯಾಗೈತೆ. ಎಮ್ಮೆ ಕಿವಿಗೂ ಬಿಲ್ಲೆ ಹೊಡೀತಾರೆ, ಯಾವ ಎಮ್ಮೆ ಅಂತ ಗೊತ್ತಾಗ್ಲಿ ಅಂತ. ತೆಪ್ಪಕ್ಕೊಂದು ನಂಬರ್ ಹಾಕಾಕ ನಿಮಗೇನು ರೋಗ?"

ಸುತ್ತ ನಿಂತವರು ನಕ್ಕರು. ಅಂಜನ್ ಕುಮಾರನೂ ನಕ್ಕ, ಟೇಪು ಮಾತ್ರ ತೆಗೆಯಲಿಲ್ಲ.

ಸುಂಕಲಮ್ಮನ ಲೆಕ್ಕ ಸರಳ: ತೆಪ್ಪದ ಅಂಚಿಗೆ ಕಾದ ಕಬ್ಬಿಣದಿಂದ ನಂಬರು ಸುಡಬೇಕು. ಅದೇ ನಂಬರು ಕಾಗದದಲ್ಲಿರಬೇಕು. ಅಂಚು ಬಿಚ್ಚಿ ಕಟ್ಟಿದರೆ ಆ ಕಾಗದ ರದ್ದು, ಹೊಸದಾಗಿ ಅಳೆಯಬೇಕು. ನೀರಿಗೆ ಇಳಿಸುವ ಮುಂಚೆ ಇನ್ನೊಂದು ಸಲ ನೋಡಬೇಕು. ಇಷ್ಟು ಮಾಡಲಾಗದವರಿಗೆ ಶಾಮಿಯಾನ ಬೇಕು, ಎದೆಗೆ ಬ್ಯಾಡ್ಜು ಬೇಕು.

ಮಾರುತಿ ಗೆದ್ದ. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದರು: ಪ್ರಥಮ, ನಿಂಗಪ್ಪ. ಧರ್ಮಪತ್ನಿ ವೇದಿಕೆಗೆ ಬಂದು ಶಾಲು ಹೊದಿಸಿಕೊಳ್ಳಬೇಕು ಎಂದು ಕೂಗಿದರು. ಸುಂಕಲಮ್ಮ ವೇದಿಕೆಗೆ ಹೋಗಲಿಲ್ಲ. ಬೋರ್ಡಿಗೆ ಅಡ್ಡ ನಿಂತಳು.

"ಅಳಿಸ್ರಿ ಅದನ್ನ."

"ಅಯ್ಯೋ, ನಿಮ್ಮ ಯಜಮಾನ್ರ ಹೆಸರು ಬಂತಲ್ಲಮ್ಮ, ಖುಷಿ ಪಡ್ರಿ," ಎಂದ ಅಂಜನ್ ಕುಮಾರ್.

"ಮೋಸದ ತೆಪ್ಪ ಕಟ್ಟಿ ಗೆದ್ದ ಅಂತ ಊರು ನಾಳೆ ಅವರ ಮ್ಯಾಲೆ ಉಗೀತೈತೆ. ಅಳಿಸ್ರಿ."

ಊಟದ ಹೊತ್ತು ಮೀರುತ್ತಿತ್ತು. ಅವಳು ಕದಲಲಿಲ್ಲ. ಅಂಜನ್ ಕುಮಾರ್ ಗೊಣಗುತ್ತ ಕರ್ಚೀಫಿನಿಂದ ಹೆಸರು ಒರೆಸಿ 'ಮಾರುತಿ' ಎಂದು ಬರೆದ. ಬಹುಮಾನವನ್ನು ಮಾರುತಿಗೇ ಕೊಟ್ಟರು. ಅವನು ವೇದಿಕೆಯಿಂದಲೇ ಅವಳಿಗೆ ಕೈಮುಗಿದ.

ಸುಂಕಲಮ್ಮ ಮರಳಿಗೆ ಉಗಿದು ಮನೆಗೆ ನಡೆದಳು.