ಸಾವಿನ ಮನೆಗೆ ಗಿಟಾರ್ ತಂದವರು

ಅವರ ಬಲಗೈ ಉಗುರುಗಳು ಉದ್ದ, ಎಡಗೈಯವು ತೀರಾ ಗಿಡ್ಡ. ನಮ್ಮ ವೈಟ್‌ಫೀಲ್ಡ್ ಮನೆಯ ಹಿತ್ತಿಲ ಕೋಣೆಗೆ ಬಾಡಿಗೆಗೆ ಬಂದ ದಿನವೇ ಅಮ್ಮ, "ಒಂದು ಕೈ ಉಗುರು ಕತ್ತರಿಸೋದು ಮರೆತ್ರಾ?" ಎಂದು ಕೇಳಿದಳು. ಕಾಲೇಜಿಗೆ ಹೋಗುತ್ತಿದ್ದ ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. "ಎಡಗೈ ಆಫೀಸಿಗೆ ಹೋಗುತ್ತೆ. ಬಲಗೈಗೆ ಇನ್ನೂ ಕೆಲಸ ಸಿಕ್ಕಿಲ್ಲ" ಎಂದರು.

ಅವರು ಇಂಗ್ಲೆಂಡಿನವರು. ತಾವೇ ಹಾಡು ಕಟ್ಟಿ, ಆ ಉದ್ದ ಉಗುರುಗಳಿಂದ ಗಿಟಾರ್ ಮೀಟಿಕೊಂಡು ಹಾಡುತ್ತಿದ್ದವರು. ಎಪ್ಪತ್ತರ ದಶಕದ ಕೊನೆಯಲ್ಲಿ ಯಾವುದೋ ಗುರುವನ್ನು ಅರಸಿ ಬಂದರಂತೆ. ಗುರು ಸಿಗಲಿಲ್ಲ, ನಮ್ಮ ಕೋಣೆ ಸಿಕ್ಕಿತು. ಬೀದಿಯವರೆಲ್ಲ ಅವರನ್ನು ಗಿಟಾರ್ ದೊರೆ ಎನ್ನುತ್ತಿದ್ದರು. ವರ್ಷದೊಳಗೆ ಕನ್ನಡ ಕಲಿತರು. ಅಮ್ಮ "ಊಟ ಆಯ್ತಾ?" ಎಂದರೆ, "ಆಯ್ತು ಅಮ್ಮಾ. ಆದ್ರೆ ಇನ್ನೊಂದ್ಸಲ ಆಗ್ಬಹುದು" ಎನ್ನುವರು. ಕರೆಂಟು ಹೋದದ್ದಕ್ಕೆ, ಬಾರದ ಬಸ್ಸಿಗೆ, ಎಲ್ಲಕ್ಕೂ ಒಂದು ಹಾಡು.

ಒಂದು ದಿನ ಬೆಳಗಿನ ಶಿಫ್ಟಿಗೆಂದು ಹೊರಟ ಅಪ್ಪ ಮಧ್ಯಾಹ್ನ ಕಾರ್ಖಾನೆಯ ಆಂಬುಲೆನ್ಸಿನಲ್ಲಿ ವಾಪಸು ಬಂದರು. ಮೆಷಿನ್ ಪಕ್ಕದಲ್ಲೇ ಕುಸಿದರಂತೆ, ಹೃದಯ ನಿಂತಿತ್ತು. ಅಮ್ಮ ಅಳಲಿಲ್ಲ. ಮಾತೂ ಆಡಲಿಲ್ಲ. ಮೂರು ದಿನ ಗೋಡೆಗೊರಗಿ ಕುಳಿತೇ ಇದ್ದಳು. "ಅಳಿಸ್ರೋ ಅವಳನ್ನ" ಎಂದು ಅಜ್ಜಿ ಗೋಳಾಡುತ್ತಿದ್ದಳು.

ಆಗ ಅವರು ಗಿಟಾರ್ ಹಿಡಿದು ಬಾಗಿಲಲ್ಲಿ ನಿಂತರು. ಚಿಕ್ಕಪ್ಪ ಎದ್ದೇಬಿಟ್ಟರು. "ಏನ್ರೀ ಇದು? ಸಾವಿನ ಮನೆ ಕಣ್ರೀ!"

"ಅಮ್ಮ ಬೇಡ ಅಂದ್ರೆ ಹೋಗ್ತೀನಿ." ಅಮ್ಮ ತಲೆಯೆತ್ತಿ ಅವರನ್ನು ನೋಡಿದಳು. ಅವರು ನೆಲದ ಮೇಲೆ ಕುಳಿತು ಹಾಡಿದರು. ದಿನಾ ಸಂಜೆ ಅವರ ಕೋಣೆಗೆ ಹೋಗಿ ಅಪಸ್ವರದಲ್ಲಿ ಹಾಡುತ್ತಿದ್ದ ಅಪ್ಪನ ಮೇಲೆಯೇ ಕಟ್ಟಿದ ಹಾಡು. "ಸ್ವರ ತಪ್ಪಿದ್ದು ನಾನಲ್ಲ ಗುರು, ನಿನ್ನ ಗಿಟಾರು" ಎಂದು ಅಪ್ಪ ಅನ್ನುತ್ತಿದ್ದ ಮಾತೇ ಸಾಲಾಗಿ ಬಂದಾಗ ಅಮ್ಮ ಗಟ್ಟಿಯಾಗಿ ನಕ್ಕುಬಿಟ್ಟಳು. ಇಡೀ ಮನೆ ದಂಗಾಯಿತು. ಬುದ್ಧಿಯೇ ಕೆಟ್ಟಿತೇನೋ ಎಂದು ಅಜ್ಜಿ ಬಾಯಿ ಮುಚ್ಚಿಕೊಂಡಳು. ನಗು ಹಾಗೇ ಅಳುವಾಯಿತು, ಕತ್ತಲಾಗುವವರೆಗೂ ನಿಲ್ಲಲಿಲ್ಲ. ಗದರಿಸಲು ಎದ್ದಿದ್ದ ಚಿಕ್ಕಪ್ಪನೇ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು.

ಮರುದಿನ ಬಾವಿಕಟ್ಟೆಯ ಬಳಿ ಗಿಟಾರ್ ದೊರೆ, "ನಿನ್ನೆ ತಪ್ಪು ಮಾಡಿದ್ನಾ?" ಎಂದು ಕೇಳಿದಾಗ ಅಮ್ಮ, "ಕಾಫಿ ಕುಡ್ಕೊಂಡು ಹೋಗಿ" ಎಂದಳು.

ಕೆಲ ವರ್ಷಗಳ ನಂತರ ತಮ್ಮ ತಾಯಿಯನ್ನು ನೋಡಲೆಂದು ಇಂಗ್ಲೆಂಡಿಗೆ ಹೋದ ಅವರು ಅಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಸುದ್ದಿ ಕೇಳಿ ಅಮ್ಮ ಬೀಗ ಹಾಕಿದ್ದ ಆ ಕೋಣೆಯ ಮೆಟ್ಟಿಲ ಮೇಲೆ ಕುಳಿತಳು. ನಾನೂ ಪಕ್ಕದಲ್ಲಿ ಕುಳಿತೆ.

ಈಗ ಯಾರ ಮನೆಯ ಸಾವಿಗೆ ಹೋದರೂ ಹಣೆಬರಹ, ದೇವರಿಚ್ಛೆ ಎನ್ನಲು ನನಗೆ ಬರುವುದಿಲ್ಲ. ಹೋದವರು ನಗಿಸಿದ ಒಂದು ಪ್ರಸಂಗ ಹೇಳುತ್ತೇನೆ. ಕೆಲವರು ಸಿಟ್ಟಾಗುತ್ತಾರೆ. ಕೆಲವರು ನಕ್ಕು, ಆಮೇಲೆ ಅಳುತ್ತಾರೆ.

ಅಮ್ಮ ಹೋದ ದಿನ ಮಾತ್ರ ಹಾಗೆ ಹೇಳುವವರು ನನಗೆ ಯಾರೂ ಇರಲಿಲ್ಲ.